ಗುಲಾಬಿ ಸೆಂಟು ಹೊಡೆದ ಪುಸ್ತಕ

ಪಕ್ಕದ ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಬಾಯ್ಲರ್ ಹಬೆ ಬಿಡುವಾಗ ಬುಸ್ಸೆನ್ನುತ್ತಿತ್ತು. ಹಿಂದೆಯೇ ನಮ್ಮ ಕಿಟಕಿಯ ಗಾಜು ಸಣ್ಣಗೆ ನಡುಗುವ ಸದ್ದು. ಶಿಡ್ಲಘಟ್ಟದ ಆ ಕೋಣೆ ನೆನಪಾದರೆ ಮೊದಲು ಕಿವಿಗೆ ಬರುವುದು ಅದೇ. ಅದು 2022. ನಾನು ಓದಿದ ಬೆಂಗಳೂರಿನ ಕಾನ್ವೆಂಟಿನಲ್ಲೇ ಕ್ರಾಫ್ಟ್ ಟೀಚರಾಗಿ ರಿಟೈರ್ ಆಗಿದ್ದೆ. ಒಂದು ಮಹಿಳಾ ಸಂಘದವರು ಕರೆದು, ಶನಿವಾರಗಳಂದು ಸ್ಕೆಚ್‌ಬುಕ್ ಮತ್ತು ಕೈಯಲ್ಲಿ ಪುಸ್ತಕ ಕಟ್ಟುವ ಕ್ಲಾಸು ನಡೆಸಿಕೊಡಿ ಎಂದರು.

ಮೊದಲ ದಿನ ವಾಕರಿಕೆ ಬಂತು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳುವಿನ ವಾಸನೆ ಕರ್ಚೀಫನ್ನೂ ದಾಟಿ ಬರುತ್ತಿತ್ತು. ಲಿನನ್ ದಾರ ಸಿಗದೆ ಕಚ್ಚಾ ರೇಷ್ಮೆಯನ್ನೇ ಹುರಿ ಮಾಡಿ ಹೊಲಿಯತೊಡಗಿದಾಗ ಪುಸ್ತಕಗಳಿಗೂ ಅದೇ ವಾಸನೆ ಅಂಟಿತು. ದಾರ ತಂದುಕೊಡುತ್ತಿದ್ದವಳು ಫಿಲೇಚರ್ ಮಾಲೀಕರ ಮಗಳು ಶಾಹೀನ್. "ಮಿಸ್, ನಮ್ಮನೇಲಿ ಬಿರಿಯಾನಿಗಿಂತ ಇದೇ ಜಾಸ್ತಿ ಘಮಘಮ ಅನ್ನತ್ತೆ," ಎಂದು ನಗುತ್ತಿದ್ದಳು. ತಿಂಗಳೊಳಗೆ ನನ್ನ ಮೂಗು ಒಗ್ಗಿಕೊಂಡಿತು.

ಹಾಳೆಗಳನ್ನು ಮಡಚಿ ಒಂದರೊಳಗೊಂದು ಸೇರಿಸಿದರೆ ಒಂದು ಸಿಗ್ನೇಚರ್. ಅಂಥ ಕೆಲವನ್ನು ಬೆನ್ನಿನಲ್ಲಿ ಹೊಲಿದರೆ ಪುಸ್ತಕ. ಅದರೊಳಗೆ ತಾವು ದಿನಾ ನೋಡುವುದನ್ನೇ ಚಿತ್ರ ಬರೆಯಬೇಕು, ಕಾಪಿ ಕೂಡದು. ಇದೊಂದೇ ನನ್ನ ರೂಲ್. ಅದನ್ನು ಪೂರ್ತಿ ನಂಬಿದವಳು ಮಂಜುಳ. ಕೆಂಚಾರ್ಲಹಳ್ಳಿ ಕಡೆಯ ಸೊಸೆ, ರೇಷ್ಮೆ ಬೆಳೆಯುವ ಮನೆ. ಹುಳು ತಿನ್ನುವುದು, ಜ್ವರಕ್ಕೆ ಕೂರುವುದು, ಅಂದರೆ ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲ್ಲಾಡದೆ ಕೂರುವುದು, ಎಲ್ಲವನ್ನೂ ಹುಳುಮನೆಯಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದು ತರುತ್ತಿದ್ದಳು. ಅವಳ ಗೆರೆಗಳಲ್ಲಿ ಹುಳುಗಳಿಗೆ ತೂಕವಿತ್ತು.

ಕ್ಲಾಸಿನ ಕೊನೆಗೆ ಎಗ್ಸಿಬಿಷನ್. ಬಹುಮಾನ ಬಂದವಳಿಗೆ ಬೆಂಗಳೂರಿನ ಬೈಂಡಿಂಗ್ ಸ್ಟುಡಿಯೋದಲ್ಲಿ ಒಂದು ತಿಂಗಳ ಟ್ರೈನಿಂಗ್. ಮಂಜುಳಳಿಗೆ ಅದು ಬೇಕೇ ಬೇಕಿತ್ತು. ಅತ್ತೆ ಲಕ್ಷ್ಮೀದೇವಮ್ಮ ಷರತ್ತು ಹಾಕಿದ್ದರು: "ಬಹುಮಾನ ಬಂದ್ರೆ ಹೋಗು. ಬರ್ಲಿಲ್ಲ ಅಂದ್ರೆ ಸೊಪ್ಪು ಕೊಯ್ಯೋಕೆ ನಡಿ." ಉಳಿದಿದ್ದು ಕೊನೆಯ ಚಿತ್ರಗಳು ಮಾತ್ರ: ಹಣ್ಣಾದ ಹುಳು ಚಂದ್ರಿಕೆಯ ಮೇಲೆ, ಆ ದುಂಡನೆಯ ಬಿದಿರಿನ ತಟ್ಟೆಯ ಮೇಲೆ, ಗೂಡು ಕಟ್ಟುವುದು.

ಎಗ್ಸಿಬಿಷನ್ನಿಗೆ ಒಂದು ವಾರವಿದ್ದಾಗ ಸಂಘದ ಕೋಆರ್ಡಿನೇಟರ್ ಗೀತಾ, ನನ್ನನ್ನು ಕೇಳದೆ, ಪುಸ್ತಕಗಳಿಗೆಲ್ಲ "ಫಿನಿಷಿಂಗ್" ಮಾಡಿಸಿಬಿಟ್ಟರು. ಯಾರೋ ಡ್ರಾಯಿಂಗ್ ಮಾಸ್ಟರನ್ನು ಕರೆಸಿ ಮೊದಲ ಪುಟಗಳ ಪೆನ್ಸಿಲ್ ಗೆರೆಗಳ ಮೇಲೆ ಕಪ್ಪು ಇಂಕು ಎಳೆಸಿದ್ದರು. ಎಲ್ಲರ ರಟ್ಟಿನ ಮೇಲೂ ಒಂದೇ ಗಿಳಿ, ಗ್ಲಿಟರ್ ಸುರಿದುಕೊಂಡು ಮಿಂಚುತ್ತಿತ್ತು. ರೇಷ್ಮೆಯ ವಾಸನೆ ಬಹುಮಾನ ಕೊಡಲು ಬರುವ ಗೆಸ್ಟಿಗೆ ಬಡಿಯದಿರಲೆಂದು ಮೇಲಿಂದ ಗುಲಾಬಿ ಸೆಂಟು. ಬೆಂದ ಹುಳುವಿಗೆ ಒಗ್ಗಿದ್ದ ನಾನು ಆ ಗುಲಾಬಿಗೆ ಮತ್ತೆ ಕರ್ಚೀಫ್ ಹುಡುಕಿದೆ.

"ಇಟ್ ಈಸ್ ಡಿಸ್‌ಗಸ್ಟಿಂಗ್, ಗೀತಾ. ಬೇರೆಯವರ ಚಿತ್ರದ ಮೇಲೆ ಯಾರಾದರೂ ಬರೀತಾರಾ?"

"ನೀಟಾಗಿದೆಯಲ್ಲ ಮೇಡಂ," ಎಂದರು ಆಕೆ. ನಿಜವಾಗಿಯೂ ಖುಷಿಯಿಂದ.

ಗೀತಾಗೆ ಹೊಳೆಯದ ಸಂಗತಿ ಇನ್ನೊಂದಿತ್ತು. ಹುಳುಮನೆಗೆ ಊದುಬತ್ತಿಯನ್ನೂ ಒಯ್ಯುವುದಿಲ್ಲ. ತಲೆಗೆ ಮಲ್ಲಿಗೆ ಮುಡಿದವರನ್ನೂ ಹೊರಗೇ ನಿಲ್ಲಿಸುತ್ತಾರೆ. ಘಾಟು ತಗುಲಿದರೆ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂಬ ಭಯ. ಮಂಜುಳ ಕೊನೆಯ ಚಿತ್ರಗಳನ್ನು ಬರೆಯಲು ಪುಸ್ತಕ ಹಿಡಿದು ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ತಡೆದರಂತೆ. "ಮದುವೆಮನೆ ಥರ ನಾರ್ತಾ ಇದೆ, ಇದನ್ನ ಒಳಕ್ಕೆ ತರ್ತೀಯಾ? ಬೆಳೆ ಹೋದ್ರೆ ನಿನ್ ಗಿಳಿ ಬಂದು ಸಾಲ ತೀರಿಸ್ತದಾ?"

ಮರುದಿನ ಬೆಳಿಗ್ಗೆಯೇ ಎರಡು ಬಸ್ಸು ಹಿಡಿದು ಬಂದಳು. ಅಳುತ್ತಾಳೆ ಅಂದುಕೊಂಡಿದ್ದೆ.

"ಮಿಸ್, ಬ್ಲೇಡ್ ಕೊಡಿ," ಎಂದಳು.

ಬೆನ್ನಿನ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಗಿಳಿಯ ರಟ್ಟು ಮತ್ತು ಇಂಕು ಬಿದ್ದ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕಿದಳು. ತನ್ನ ಗೆರೆ ಉಳಿದಿದ್ದ ಹಾಳೆಗಳನ್ನು ಕಿಟಕಿಗೆ ಹಗ್ಗ ಕಟ್ಟಿ, ಗಾಳಿಗೆ ಆರಲೆಂದು ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದಳು. "ಫಿಲೇಚರ್ ಗಾಳಿ ಬಡೀಲಿ ಬಿಡೇ, ಗುಲಾಬಿ ತಾನಾಗೇ ಓಡಿಹೋಗತ್ತೆ," ಎಂದಳು ಶಾಹೀನ್. ಬರೀ ಹಾಳೆ ಮಡಚಿದ ಹೊಸ ಸಿಗ್ನೇಚರ್ ಒಂದನ್ನು ಎತ್ತಿಕೊಂಡು ಮಂಜುಳ ಊರಿಗೆ ಹೋದಳು.

ಎಗ್ಸಿಬಿಷನ್ನಿನ ದಿನ, ಭಾನುವಾರ ಬೆಳಿಗ್ಗೆ, ಚಂದ್ರಿಕೆಯ ಚಿತ್ರಗಳೊಂದಿಗೆ ಬಂದು, ಎಲ್ಲವನ್ನೂ ಸೇರಿಸಿ ಮತ್ತೆ ಹೊಲಿದಳು. ರಟ್ಟಿಲ್ಲ, ಬೆನ್ನಿನ ರೇಷ್ಮೆ ದಾರ ಬತ್ತಲೆ ಕಾಣುತ್ತಿತ್ತು. ನಾನು ಇಷ್ಟು ವರ್ಷ ಕಲಿಸಿದ್ದರಲ್ಲಿ ಅದಕ್ಕಿಂತ ಒಳ್ಳೆಯ ಪುಸ್ತಕ ನೋಡಿಲ್ಲ. ಗೀತಾ ಅದನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ಹಿಂದಿನ ಸಾಲಿಗೆ, ಹೂವಿನ ಕುಂಡದ ಮರೆಗೆ ತಳ್ಳಿದರು. ನಾನು ಎಳೆದು ಮುಂದಿಟ್ಟೆ. ಗೆಸ್ಟ್ ಬರುವಷ್ಟರಲ್ಲಿ ಅದು ಮತ್ತೆ ಕುಂಡದ ಹಿಂದಿತ್ತು. ಆತ ಒಂದು ಗಿಳಿ ಪುಸ್ತಕವನ್ನು ಎತ್ತಿಕೊಂಡು, ತೆರೆಯದೆ, ಮೂಗಿಗೆ ಹಿಡಿದು, "ವೆರಿ ನೈಸ್ ಫ್ರಾಗ್ರೆನ್ಸ್," ಎಂದರು. ಬಹುಮಾನ ಆ ಪುಸ್ತಕಕ್ಕೇ ಹೋಯಿತು. ಫೋಟೋಕ್ಕೆ ನಿಲ್ಲಿ ಎಂದು ಕರೆದರು. ನಾನು ಬ್ಯಾಗ್ ತೆಗೆದುಕೊಂಡು ಹೊರಟೆ, ಮತ್ತೆ ಆ ಸಂಘದ ಮೆಟ್ಟಿಲು ಹತ್ತಲಿಲ್ಲ.

ವೃತ್ತಿ ನನಗೆ ತಡವಾಗಿ ಕಲಿಸಿದ್ದು ಇಷ್ಟು: ಹೊಲಿಯುವುದನ್ನು ಹೇಳಿಕೊಟ್ಟರೆ ಅರ್ಧ ಪಾಠ. ತನ್ನದಲ್ಲದ್ದು ಸೇರಿಕೊಂಡಾಗ ಹೊಲಿಗೆ ಬಿಚ್ಚುವ ಧೈರ್ಯ ಉಳಿದರ್ಧ. ಆ ಅರ್ಧ ನನ್ನ ಸಿಲಬಸ್‌ನಲ್ಲಿ ಇರಲಿಲ್ಲ.

ಮಂಜುಳಳನ್ನು ಕೊನೆಯ ಸಲ ಕಂಡಿದ್ದು ಮುಂದಿನ ಬೆಳೆಯ ಹೊತ್ತಿಗೆ, ಗೂಡಿನ ಮಾರ್ಕೆಟ್ಟಿನಲ್ಲಿ. ಲಕ್ಷ್ಮೀದೇವಮ್ಮ ಗೂಡಿನ ರಾಶಿಯ ಪಕ್ಕ ನಿಂತಿದ್ದರು. ಬೆಂಗಳೂರಿನ ವಿಷಯ ಎತ್ತಿದೆ.

"ಬಹುಮಾನ ಬರ್ಲಿಲ್ಲ, ಕಳಿಸ್ಲಿಲ್ಲ. ಮಾತು ಅಂದ್ರೆ ಮಾತೇ ಮೇಡಮ್ಮ," ಎಂದರು. ರಾಶಿಯಿಂದ ಒಂದು ಗೂಡನ್ನು ಆರಿಸಿ ಪಕ್ಕಕ್ಕಿಡುತ್ತ, "ಇನ್ನೊಂದು ಪುಸ್ತಕ ಹೊಲ್ಕೊಂಡವ್ಳೆ. ಹುಳುಮನೆ ಒಳಗೇ ಇಟ್ಕೊಂಡವ್ಳೆ. ನಾನೇನೂ ಅಂದಿಲ್ಲ."

ಆಚೆ ಒಂದು ಖಾಲಿ ಕ್ರೇಟಿನ ಮೇಲೆ ಮಂಜುಳ ಕೂತಿದ್ದಳು. ಗೂಡು ಕೊಳ್ಳಲು ಬಂದ ರೀಲರೊಬ್ಬರು ಮೊಣಕೈವರೆಗೂ ರಾಶಿಯೊಳಗೆ ಕೈ ಇಳಿಸಿ ಮಾಲು ನೋಡುತ್ತಿದ್ದರು; ಇವಳು ಆ ಕೈಯನ್ನು ಬರೆಯುತ್ತಿದ್ದಳು. ನಾನು ಹತ್ತಿರ ಹೋಗಿ ಪುಟದ ಮೇಲೆ ಬಗ್ಗಿದೆ.

"ಮಿಸ್, ನೆರಳು ಬೀಳ್ತಿದೆ," ಎಂದಳು, ತಲೆಯೆತ್ತದೆ. "ಸ್ವಲ್ಪ ಆ ಕಡೆ ನಿಂತ್ಕೊಳಿ."

ನಾನು ಆ ಕಡೆ ಸರಿದು ನಿಂತೆ.