ಚೌಡಕ್ಕ ತೊಳೆದ ಗರಿ

ಚೌಡಕ್ಕನ ಕೈ ಸೋಮವಾರ ಹಸಿರಾಗಿದ್ದರೆ ಬುಧವಾರ ನೇರಳೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳಿಗೆಲ್ಲ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದವಳು ಅವಳೇ. ಮದುವೆಮನೆಗೆ ಹೋದರೆ ಹೆಣ್ಣಿನ ಮುಖ ನೋಡುವುದಕ್ಕೆ ಮೊದಲು ಅವಳ ಸೆರಗನ್ನು ಒದ್ದೆ ಬೆರಳಲ್ಲಿ ಉಜ್ಜಿ ನೋಡುವಳು! “ಹುಟ್ಟಿದ ಬಣ್ಣ ಹೋಗಲ್ಲ ಕಣಮ್ಮಿ, ಹಚ್ಚಿದ್ದು ನಿಲ್ಲಲ್ಲ” ಎನ್ನುವಳು. ಆ ಮಾತು ಮನುಷ್ಯರಿಗೂ ಸರಿ ಎಂದು ಅವಳ ನಂಬಿಕೆ.

ಅವಳಿಗೆ ತನ್ನವನೆಂದು ಇದ್ದವನು ತಮ್ಮ ಗಂಗಪ್ಪ ಒಬ್ಬನೇ. ಎತ್ತಿ ಆಡಿಸಿ ಸಾಕಿದವಳೂ ಅವಳೇ. ಸೈನ್ಯ ಸೇರಿದ್ದ ಅವನು ಅರವತ್ತರ ದಶಕದ ಮೊದಲಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕದ ಕಾಂಗೋಗೆ ಹೋಗಿ ರಜೆಯಲ್ಲಿ ಊರಿಗೆ ಬಂದ. ಅಕ್ಕನಿಗೆಂದು ತಂದದ್ದು ಒಂದು ಗರಿ, ಅಪ್ಪಟ ಕುಂಕುಮದ ಕೆಂಪು.

“ಅಲ್ಲಿ ಕಾಡು ಅಂದ್ರೆ ಮಟಮಟ ಮಧ್ಯಾಹ್ನಾನೂ ಕತ್ತಲೆ ಕಣಕ್ಕ. ಈ ಹಕ್ಕಿ ನೆಲಕ್ಕೆ ಇಳಿಯೋದೇ ಅಪರೂಪ. ಮರದ ತುದೀಲಿ ಹಣ್ಣು ತಿಂದ್ಕೊಂಡು ಕೊಂಬೆ ಮೇಲೆ ಅಳಿಲಿನ ಥರ ಓಡ್ತದೆ. ಕೂತಿದ್ರೆ ಬರೀ ನೀಲಿ. ರೆಕ್ಕೆ ಬಿಚ್ದಾಗ್ಲೇ ಈ ಕೆಂಪು ಕಾಣೋದು.”

ಚೌಡಕ್ಕ ಬೀದಿಗೆಲ್ಲ ಗರಿ ತೋರಿಸಿಕೊಂಡು ಬಂದು ದೇವರ ಗೂಡಿನಲ್ಲಿಟ್ಟಳು. ನಾಲ್ಕು ದಿನದಲ್ಲಿ ಅದಕ್ಕೆ ದೀಪದ ಮಸಿ ಹಿಡಿಯಿತು. ನೂಲಿನ ಅಂಟು ತೆಗೆಯಲು ಸೋಪು, ಸೋಡಾ ಹಾಕಿ ಕಾಯಿಸಿದ್ದ ನೀರು ಪಕ್ಕದಲ್ಲೇ ಇತ್ತು. ಗರಿಯನ್ನು ಅದರಲ್ಲಿ ಅದ್ದಿದಳು. ಪಕ್ಕದ ಮನೆಯ ಹುಡುಗಿ ನಾನು, ಅಲ್ಲೇ ಇದ್ದೆ. ನೋಡನೋಡುತ್ತಲೇ ನೀರು ಕೆಂಪಾಯಿತು, ಗರಿ ಬಿಳಿಚಿಕೊಂಡಿತು.

ಅಷ್ಟರಲ್ಲಿ ಗಂಗಪ್ಪ ಏನೋ ಹೇಳುತ್ತಾ ಒಳಗೆ ಬಂದ.

“ಮುಚ್ಚೋ ಬಾಯಿ! ಕಾಡಂತೆ, ಹಕ್ಕಿಯಂತೆ! ಕೋಳಿ ಪುಕ್ಕಕ್ಕೆ ಬಣ್ಣ ಹಾಕಿ ನನಗೇ ತಂದ್ಕೊಟ್ಯಾ? ಬಣ್ಣದೋಳಿಗೇ?”

ಅವನು ಆ ನೀರನ್ನೇ ನೋಡುತ್ತಾ ನಿಂತ. ಏನಾಯಿತೆಂದು ಅವನಿಗೂ ತಿಳಿಯಲಿಲ್ಲ, ಪಾಪ. ರಜೆ ಇನ್ನೂ ಇದ್ದರೂ ಸಂಜೆಯ ಬಸ್ಸು ಹತ್ತಿದ. ಅಕ್ಕ ತಮ್ಮ ಮತ್ತೆ ಮಾತಾಡಲಿಲ್ಲ. ಅರವತ್ತೈದರ ಯುದ್ಧದಲ್ಲಿ ಗಂಗಪ್ಪ ತೀರಿಕೊಂಡ. ಚೌಡಕ್ಕ ಅತ್ತಳು. ಆದರೂ “ಸುಳ್ಳು ಹೇಳ್ಬಿಟ್ಟು ಹೋದ” ಎನ್ನುವುದನ್ನು ಬಿಡಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಒಂದು ದಿನ ಪಾಠದಲ್ಲಿ ಆಫ್ರಿಕದ ಟುರಾಕೊ ಎಂಬ ಹಕ್ಕಿ ಬಂತು. ಅದರ ರೆಕ್ಕೆಯ ಕೆಂಪಿನಲ್ಲಿ ತಾಮ್ರದ ಅಂಶವಿರುತ್ತದೆ. ಹುಟ್ಟು ಬಣ್ಣವೇ ಆದರೂ ಸೋಪಿನ ನೀರಿಗೆ ಬಿಟ್ಟುಬಿಡುತ್ತದೆ ಎಂದರು ಮೇಡಂ. ಆ ವಾರವೇ ಊರಿಗೆ ಓಡಿದೆ.

ಚೌಡಕ್ಕ ಬಣ್ಣದ ಬಾನಿಯ ಮುಂದೆ ಕೂತು ನೂಲಿನ ಲಡಿ ತಿರುವುತ್ತಿದ್ದಳು. ಹೇಳಿದೆ. ಅವಳ ಕೈ ನಿಂತುಹೋಯಿತು.

“ನಿಜವಾದ ಹಕ್ಕೀನಾ?”

“ಹೂಂ ಅಕ್ಕ.”

ಲಡಿ ಬಾನಿಯೊಳಗೆ ಜಾರಿಹೋದದ್ದೂ ಅವಳಿಗೆ ಕಾಣಲಿಲ್ಲ.

“ಅವತ್ತು ಅದು ಹೆಂಗೆ ಕೂಗ್ತದೆ ಅಂತ ಹೇಳ್ಕೊಂಡೇ ಒಳಗೆ ಬಂದ ಕಣಮ್ಮಿ. ನಾನು ಕೇಳ್ಲೇ ಇಲ್ಲ.” ಮತ್ತೆ ನನ್ನ ಮುಖ ನೋಡಿದಳು. “ನೀನು ಓದಿದೋಳು. ಹೆಂಗೆ ಕೂಗ್ತದೆ, ಹೇಳು.”

ನನಗೆ ಗೊತ್ತಿರಲಿಲ್ಲ.