ಗಂಡನ ಊರಿನ ಮಾತು ಕಲಿತ ಉಷಾ

ಮೆಲ್ಬರ್ನಿನ ಬಾಕ್ಸ್ ಹಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಉಷಾಳ ಮನೆ. ಧಾರವಾಡದವಳು. ಓದಲೆಂದು ಸಿಡ್ನಿಗೆ ಬಂದು, ಅಲ್ಲೇ ನೆಲೆಸಲು ಪಿಆರ್ ಪಡೆದು, ನಾರ್ತ್ ಸಿಡ್ನಿಯ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಆ ಆಫೀಸಿನ ಪ್ಯಾಂಟ್ರಿಗೆ ಕಪಾಟು ಕೂರಿಸಲು ಬಂದ ಬಡಗಿ ಶುಂಪೇ, ಜಪಾನಿನವನು. ನಾಲ್ಕು ದಿನದ ಕೆಲಸವನ್ನು ವಾರಗಟ್ಟಲೆ ಎಳೆದನಂತೆ. ಮದುವೆಯಾಗಿ, ಮಗಳು ಇಂಚರಾ ಹುಟ್ಟಿದ ಮೇಲೆ, ಸಿಡ್ನಿಯ ರೆಂಟ್ ತಾಳಲಾರದೆ ಮೆಲ್ಬರ್ನಿಗೆ ಬಂದರು.

ಶುಂಪೇ ಕಡಿಮೆ ಮಾತಿನವನು. ಲಿಫ್ಟಿನಲ್ಲಿ ಸಿಕ್ಕರೆ ತಲೆಬಾಗಿಸಿ ನಗುತ್ತಿದ್ದ, ಅಷ್ಟೆ. ಗಂಡಹೆಂಡಿರ ನಡುವೆ ಇಂಗ್ಲಿಷೇ ಮನೆಮಾತು. ಅವನ ಊರು ನಾಗಾಸಾಕಿಯ ಕಡೆಯ ಹಮಾನೊಶಿಮಾ ಎಂಬ ಪುಟ್ಟ ದ್ವೀಪ. ಅಲ್ಲಿ ಅವನ ತಾಯಿ ಫುಮಿಯೆ ಇದ್ದರು. ನಿನ್ನ ಊರಿಗೆ ಕರೆದುಕೊಂಡು ಹೋಗು ಎಂದು ಉಷಾ ಕೇಳಿದಾಗಲೆಲ್ಲ, ಅಲ್ಲೇನಿದೆ, ಗಾಳಿ ಮತ್ತು ಗೆಣಸು ಎಂದು ನಕ್ಕು ಬಿಡುತ್ತಿದ್ದ. ಒಂದು ಸಲ ಮಗಳು ಕೈಗೂಸು, ಇನ್ನೊಂದು ಸಲ ಕೋವಿಡ್. ಹೀಗೆ ಹೋಗುವುದು ತಪ್ಪುತ್ತಲೇ ಬಂತು.

ನಲವತ್ತಾರನೇ ವಯಸ್ಸಿಗೆ ಅವನಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಬಲಗೈ ನಿಧಾನವಾಗಿ ಹಿಡಿತಕ್ಕೆ ಬರತೊಡಗಿತು. ಆದರೆ ಬಾಯಿ ತೆರೆದಾಗ ಇಂಗ್ಲಿಷ್ ಪೂರ್ತಿ ಹೋಗಿತ್ತು. ಬರುತ್ತಿದ್ದುದು ಜಪಾನಿ ಮಾತು, ಅದೂ ತುಂಡುತುಂಡಾಗಿ. ಆಮೇಲೆ ಕಲಿತ ಭಾಷೆ ಅಳಿಸಿಹೋಗಿ ತಾಯಿಮಾತು ಮಾತ್ರ ಉಳಿಯುವುದು ಕೆಲವರಲ್ಲಿ ಉಂಟು ಎಂದರು ಡಾಕ್ಟರು. ಹದಿಮೂರು ವರ್ಷ ಸಂಸಾರ ಮಾಡಿದವರಿಗೆ ಒಂದೇ ಸಲಕ್ಕೆ ನಡುವೆ ಭಾಷೆಯೇ ಇಲ್ಲವಾಯಿತು.

ಆಸ್ಪತ್ರೆಯಲ್ಲಿ ಅವನು ದಿನಾ ಒಂದೇ ಮಾತು ಹೇಳುತ್ತಿದ್ದ. "ನಾಓಶಿತೆ." ಎಡಗೈ ಎತ್ತಿ, ಮುಖ ಹಿಂಡಿಕೊಂಡು, "ನಾಓಶಿತೆ, ನಾಓಶಿತೆ." ಫೋನಿನಲ್ಲಿ ಸಿಕ್ಕ ದುಭಾಷಿ ಟೋಕಿಯೊ ಕಡೆಯ ಹೆಂಗಸು. ವಾಸಿ ಮಾಡು ಎನ್ನುತ್ತಿದ್ದಾರೆ ಎಂದು ಅರ್ಥ ಹೇಳಿದಳು.

ಉಷಾ ಅಂದು ನಮ್ಮ ಮನೆಗೆ ಬಂದು ಸೋಫಾದ ಮೇಲೆ ಕುಸಿದಳು.

"ವೇದಕ್ಕಾ, ನನ್ನ ಮಾರಿ ನೋಡಿಕೋತ 'ನನ್ನ ಆರಾಮ ಮಾಡು' ಅಂತಾನ. ನಾ ಏನ್ ಮಾಡ್ಲಿ? ನನ್ನ ಕೈಯಾಗ ಏನೈತಿ?"

ನಾನು ಕಾಫಿ ಮಾಡಿ ಕೊಟ್ಟೆ.

ಅಳುತ್ತ ಕೂರುವ ಹೆಣ್ಣಲ್ಲ ಅವಳು. ಜಪಾನಿ ಕ್ಲಾಸಿಗೆ ಸೇರಿದಳು. ಪುಸ್ತಕದ ವಾಕ್ಯ ಕಲಿತು ಗಂಡನ ಮುಂದೆ ಒಪ್ಪಿಸಿದರೆ, ಯಾರೋ ಅಪರಿಚಿತರ ಜೊತೆ ಮಾತಾಡುವವನಂತೆ ಅವನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅವನು ಹೇಳಿದ್ದು ಇವಳ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಕೊನೆಗೆ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಥೆರಪಿಸ್ಟೇ ಕೇಳಿದಳು, ಅವರು ಹುಟ್ಟಿ ಬೆಳೆದ ಕಡೆ ಸ್ವಲ್ಪ ದಿನ ಇದ್ದು ನೋಡಬಾರದೇಕೆ ಎಂದು.

ಉಷಾ ಕೂಡಿಟ್ಟಿದ್ದ ಲಾಂಗ್ ಸರ್ವಿಸ್ ಲೀವ್ ಹಾಕಿದಳು. ಮಗಳ ಸ್ಕೂಲಿಗೆ ಹೇಳಿ, ನವೆಂಬರಿನಲ್ಲಿ ಗಂಡ, ಮಗಳು, ಅವನ ಊರುಗೋಲು, ಅಷ್ಟನ್ನೂ ಕಟ್ಟಿಕೊಂಡು ಹೊರಟಳು.

ದ್ವೀಪದ ದೋಣಿಕಟ್ಟೆಯಲ್ಲಿ ಫುಮಿಯೆ ಏಪ್ರನ್ ಕಟ್ಟಿ, ರಬ್ಬರ್ ಬೂಟು ಹಾಕಿ ನಿಂತಿದ್ದರಂತೆ. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಊರಿಗೆ ಬಂದವರಿಗೆ ಹೇಳುವ ಮಾತು ಹೇಳಿದರು: "ಒಕಾಯೆರಿ." ಶುಂಪೇ ತಡವರಿಸದೆ ಉತ್ತರಿಸಿದ: "ತದಾಯಿಮಾ", ಬಂದೆ ಎಂದು. ಕಾಯಿಲೆ ಬಿದ್ದ ಮೇಲೆ ಅವನು ಅಷ್ಟು ಸಲೀಸಾಗಿ ಆಡಿದ ಮೊದಲ ಮಾತು ಅದು.

ಅಲ್ಲಿನ ಕತೆ ಹೇಳುವಾಗ ಉಷಾಳ ಬಾಯಲ್ಲಿ ಅತ್ತೆಯೂ ಧಾರವಾಡದ ಕನ್ನಡವನ್ನೇ ಆಡುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಮೊದಲ ವಾರ ಅತ್ತೆಸೊಸೆ ಕೈಸನ್ನೆಯಲ್ಲೇ ಕಳೆದರು. ಉಷಾ ಮೀನು ತಿನ್ನುವುದಿಲ್ಲ ಎಂದು ತಿಳಿದಾಗ ಫುಮಿಯೆ ಹುಬ್ಬು ಗಂಟಿಕ್ಕಿ, ಮರುದಿನ ಒಂದು ಬುಟ್ಟಿ ಗೆಣಸು ತಂದಿಟ್ಟರು. ಒಂದು ಮಧ್ಯಾಹ್ನ ಊಟ ಮುಗಿದು, ತೊಳೆದ ಬಟ್ಟಲುಗಳನ್ನು ಸೊಸೆಯ ಕೈಗಿತ್ತು ಅವರು ಅಂದರು: "ನಾಓಶಿತೆ."

ಉಷಾ ಬೆಚ್ಚಿದಳು. ಬಟ್ಟಲು ಒಡೆದಿದೆಯೇನೋ, ಸರಿಮಾಡು ಎನ್ನುತ್ತಿದ್ದಾರೇನೋ ಎಂದು ತಿರುಗಿಸಿ ತಿರುಗಿಸಿ ಬಿರುಕು ಹುಡುಕಿದಳು. ಫುಮಿಯೆಗೆ ಸೋಜಿಗ. ತಾವೇ ಬಂದು ಕಪಾಟಿನ ಬಾಗಿಲು ತೆರೆದು, ಬಟ್ಟಲು ಒಳಗಿಟ್ಟು ತೋರಿಸಿದರು. ಆ ಸೀಮೆಯಲ್ಲಿ ಆ ಮಾತಿಗೆ ಎತ್ತಿಡು ಎಂದು ಅರ್ಥ.

ಆಸ್ಪತ್ರೆಯ ಮಂಚದ ಪಕ್ಕ ಊಟವಾದ ಮೇಲೂ ತಾಸುಗಟ್ಟಲೆ ಕೂತಿರುತ್ತಿದ್ದ ಎಂಜಲು ಟ್ರೇ ಅವಳ ಕಣ್ಣಮುಂದೆ ಬಂತು. ಮನೆಯಲ್ಲಿ ಒಂದು ಲೋಟವನ್ನೂ ಮೇಜಿನ ಮೇಲೆ ಬಿಡದ ಮನುಷ್ಯ ಅವನು. ಬೇಡಿಕೊಂಡದ್ದು ಜೀವವನ್ನಲ್ಲ, ಆ ಟ್ರೇ ತೆಗೆಯಿರಿ ಎಂದು.

ಉಷಾ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು, ನಗುತ್ತ ಅತ್ತಳು. ಎದ್ದು ಗಂಡನ ಹತ್ತಿರ ಹೋಗಿ, ಟ್ರೇ ಹಿಡಿದವಳಂತೆ ನಟಿಸಿ, ಅವನಂತೆಯೇ ಮುಖ ಹಿಂಡಿ, "ನಾಓಶಿತೆ!" ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಂದಿನಿಂದ ಅವಳು ಪುಸ್ತಕ ಮುಟ್ಟಲಿಲ್ಲ. ಆ ಊರಿನಲ್ಲಿ ಅದು ಗೆಣಸಿನ ಕಾಲ. ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಬೇಯಿಸಿ, ಕಡಲ ಗಾಳಿಗೆ ಚಪ್ಪರದ ಮೇಲೆ ಒಣಗಿಸುತ್ತಾರೆ. ಉಷಾ ಬೆಳಗಾದರೆ ಮುದುಕಿಯರ ಸಾಲಿನಲ್ಲಿ ಚಾಕು ಹಿಡಿದು ಕೂರುತ್ತಿದ್ದಳು. ಬೆರಳು ಮರಗಟ್ಟುವ ಚಳಿ. ಅವರ ಹರಟೆಯಲ್ಲಿ ಮೊದಲು ಬೈಗುಳ ತಿಳಿಯಿತು, ಆಮೇಲೆ ತರಕಾರಿಯ ಹೆಸರು, ಆಮೇಲೆ ಊರವರ ಗುಟ್ಟು. ತಪ್ಪು ಆಡಿದರೆ ಅವರು ಬಿದ್ದು ಬಿದ್ದು ನಗುತ್ತಿದ್ದರು. ಇವಳು ಅದೇ ಮಾತನ್ನು ಮತ್ತೆ ಆಡುತ್ತಿದ್ದಳು, ಸರಿಯಾಗುವವರೆಗೆ.

ಶುಂಪೇ ಬಂದರಿನಲ್ಲಿ ಬಲೆ ಹೊಲಿಯುವ ಹಳೆಯ ಗೆಳೆಯರ ನಡುವೆ ಕೂರುತ್ತಿದ್ದ. ಮಾತು ದಿನದಿನಕ್ಕೆ ಉದ್ದವಾಯಿತು. ಒಂದು ಸಂಜೆ ಉಷಾ ಅವನನ್ನು ಕರೆಯಲು ಹೋದರೆ, ಅವನು ಶಾಲೆಯ ಮೇಷ್ಟರ ನಡಿಗೆ, ಕೆಮ್ಮು ಎಲ್ಲವನ್ನೂ ಅಣಕಿಸುತ್ತಿದ್ದ. ಸುತ್ತಲಿನ ಗಂಡಸರು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು.

"ನನ್ನ ಗಂಡ ಇಷ್ಟು ಮಾತಿನ ಮಲ್ಲ ಅಂತ ನನಗ ಗೊತ್ತ ಇರಲಿಲ್ಲ ವೇದಕ್ಕಾ," ಎಂದಳು ಉಷಾ. "ಇಂಗ್ಲಿಷಿನ್ಯಾಗ ಅಂವಾ ಬರೇ ಕೆಲಸದಷ್ಟು ಮಾತಾಡ್ತಿದ್ದ. ನಾ ಅದನ್ನ ಅವನ ಸ್ವಭಾವ ಅಂತ ತಿಳಕೊಂಡಿದ್ದೆ."

ಹೊರಡುವ ದಿನ ಹತ್ತಿರವಾದಾಗ ಫುಮಿಯೆ ಸೊಸೆಯನ್ನು ಗೆಣಸಿನ ಚಪ್ಪರದ ಬಳಿ ಕೂರಿಸಿಕೊಂಡರು.

"ಇವನ್ನ ಇಲ್ಲೇ ಬಿಟ್ಟು ಹೋಗವಾ," ಎಂದರು. "ಇಲ್ಲಿ ಎಲ್ಲಾರ ಕೂಡ ಮಾತಾಡ್ತಾನ. ಅಲ್ಲಿ ಹೋದ್ರ ಮೂಕ ಆಗ್ತಾನ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಉಷಾಳಿಗೆ ಸಿಟ್ಟು ಬರಲಿಲ್ಲ. ಕಲಿತ ಮಾತನ್ನೆಲ್ಲ ಒಟ್ಟುಮಾಡಿ, ಆವರೆಗೆ ಆಡದಷ್ಟು ಉದ್ದಕ್ಕೆ ಆಡಿದಳು.

"ಅತ್ತೀ, ಅಲ್ಲಿ ಅವನ ಕೂಡ ಮಾತಾಡಾಕ ನಾ ಇರ್ತೀನಿ. ನನ್ನ ಮಾತು ಸೊಟ್ಟ ಐತಿ. ಆದ್ರ ನಾ ಬಿಡಂಗಿಲ್ಲ, ಕಲೀತೀನಿ. ಅಂವಾ ಇಲ್ಲೇ ಇರ್ತೀನಿ ಅಂದ್ರ ಇರ್ಲಿ. ನಾ ಎಳಕೊಂಡು ಹೋಗಂಗಿಲ್ಲ. ಅವನ್ನ ಕೇಳೂಣು."

ಇಬ್ಬರೂ ಹೋಗಿ ಕೇಳಿದರು. ಶುಂಪೇ ತಾಯಿಯ ಕಡೆ ನೋಡಿದ, ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದ ಮಗಳ ಕಡೆ ನೋಡಿದ. "ಮನಿ ಅಲ್ಲಿ ಐತಿ, ಅವ್ವಾ" ಎಂದ.

ಫುಮಿಯೆ ತಲೆಯಾಡಿಸಿ ಒಳಗೆ ಹೋದರು. ಹೊರಡುವ ತನಕ ಸೊಸೆಯ ಜೊತೆ ಬಿಡುವಿಲ್ಲದೆ ಮಾತಾಡಿದರು. ತಪ್ಪಿದ್ದನ್ನೆಲ್ಲ ತಿದ್ದಿದರು. ಹೊಗೆಯ ಬಣ್ಣಕ್ಕೆ ಏನನ್ನುತ್ತಾರೆ, ಕಾಲು ಜೋಮು ಹಿಡಿದರೆ ಏನನ್ನುತ್ತಾರೆ, ಸಣ್ಣವನಿದ್ದಾಗ ಶುಂಪೇ ಹಟ ಮಾಡಿದರೆ ಏನೆಂದು ರಮಿಸುತ್ತಿದ್ದರು, ಎಲ್ಲವನ್ನೂ.

ಅವರು ಮರಳಿ ಬಂದು ಎರಡು ವರ್ಷವಾಗುತ್ತ ಬಂತು. ಶುಂಪೇಗೆ ಇಂಗ್ಲಿಷ್ ತಿರುಗಿ ಬಂದದ್ದು ಅಷ್ಟಕ್ಕಷ್ಟೆ. ದೊಡ್ಡ ಕಪಾಟಿನ ಕೆಲಸ ಆಗುವುದಿಲ್ಲ, ಸಣ್ಣ ಮಣೆ, ಸ್ಟೂಲು ಮಾಡುತ್ತಾನೆ. ನಮ್ಮ ದೇವರ ಮನೆಗೂ ಒಂದು ಮಾಡಿಕೊಟ್ಟ. ಆಸ್ಪತ್ರೆಯ ತಪಾಸಣೆಗೆ ಈಗ ದುಭಾಷಿ ಬೇಕಿಲ್ಲ, ಉಷಾಳೇ ಸಾಕು. ಒಮ್ಮೆ ಅಲ್ಲಿ ಸಿಕ್ಕ ಜಪಾನಿ ನರ್ಸ್, ನೀವು ಎಂಬತ್ತು ವರ್ಷದ ಹಳ್ಳಿ ಅಜ್ಜಿಯ ಹಾಗೆ ಮಾತಾಡುತ್ತೀರಿ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಂತೆ. ಉಷಾ ಇದನ್ನು ಬಹುಮಾನ ಬಂದವಳ ಹಾಗೆ ಹೇಳಿಕೊಂಡಳು. ಗೂಗಲ್ಲಿನಲ್ಲಿ ಹುಡುಕಿದರೂ ಸಿಗದ ಮಾತೊಂದನ್ನು ಗಂಡನಿಗೋಸ್ಕರ ಗೆಣಸು ಹೆಚ್ಚಿ ಕಲಿತವಳು. ನಾನು ಈ ದೇಶದಲ್ಲಿ ಕಂಡವರಲ್ಲಿ ಅವಳಷ್ಟು ಗಟ್ಟಿಗಿತ್ತಿ ಬೇರೆ ಇಲ್ಲ.

ಮೊನ್ನೆ ಮೊಸರಿಗೆ ಹೆಪ್ಪು ಕೇಳಲು ಮೇಲೆ ಹೋದೆ. ಬಾಗಿಲ ಹೊರಗೇ ಜಗಳ ಕೇಳಿಸಿತು. ಇಬ್ಬರದೂ ಏರಿದ ದನಿ, ಒಂದು ಅಕ್ಷರವೂ ನನಗೆ ತಿಳಿಯಲಿಲ್ಲ. ಬಾಗಿಲು ತೆರೆದವಳು ಇಂಚರಾ.

"ಏನಮ್ಮಾ, ಏನಾಯ್ತು?" ಎಂದೆ ಗಾಬರಿಯಿಂದ.

"ನಥಿಂಗ್ ಆಂಟಿ. ಅಪ್ಪಾ ಸೇಸ್ ಶೀ ಬರ್ನ್ಟ್ ದ ರೈಸ್. ಅಮ್ಮಾ ಸೇಸ್ ಹೀ ವಾಸ್ ಸಪೋಸ್ಡ್ ಟು ವಾಚ್ ಇಟ್."

ಒಳಗೆ ಶುಂಪೇ ಕೈ ಬೀಸಿ ಏನೋ ದೀರ್ಘವಾಗಿ ವಾದಿಸುತ್ತಿದ್ದ. ಉಷಾ ಸೊಂಟಕ್ಕೆ ಕೈಕೊಟ್ಟು, ಅವನ ಮಾತು ಮುಗಿಯುವುದನ್ನೇ ಕಾಯುತ್ತಿದ್ದಳು.