ಕಿವುಡನ ಎದುರಿಗೆ ಆಡಿದ ಮಾತು

ನಮ್ಮ ಮನೆಯಲ್ಲಿ ನನ್ನೊಡನೆ ಮಾತಾಡುವವರೆಲ್ಲ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಮಾತಾಡುತ್ತಾರೆ. "ಅಪ್ಪಾ! ಚಾ! ಚಾ ಕುಡೀತೀ?" ಎಂದು ಮಗ ಬಾಯಿ ತೆರೆದರೆ ನನಗೆ ಕಾಣುವುದು ಅವನ ಕಿರುನಾಲಗೆ. ಚಹಾದ ಕಪ್ಪು ಅವನ ಕೈಯಲ್ಲೇ ಇರುತ್ತದೆ. ಕಣ್ಣಿಗೆ ಕಾಣುವ ಚಹಾಕ್ಕೆ ಇಷ್ಟೊಂದು ಡಂಗುರ ಯಾಕೆ? ಸೊಸೆ ಘಟಪ್ರಭೆಯ ದಂಡೆಯ ಅನಗವಾಡಿಯವಳು. ಅವಳು ಕೂಗಿದರೆ ಅಂಗಳದಲ್ಲಿ ಮಲಗಿದ ನಾಯಿ ಎದ್ದು ಹೋಗುತ್ತದೆ, ಅದರಿಂದಲೇ ಅವಳು ಕೂಗಿದಳೆಂದು ನನಗೆ ತಿಳಿಯುವುದು.

ನನ್ನ ಕಿವಿ ಕೆಟ್ಟಿವೆ, ಬುದ್ಧಿ ಕೆಟ್ಟಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಬನಹಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ನನಗೆ ಖಾತ್ರಿಯಾಗಿದೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯೊಂದನ್ನು ಹಿಡಿದುಕೊಂಡು, ಅರವತ್ತು ದಾಟಿದವನ ಎದುರಿಗೆ ಏನು ಬೇಕಾದರೂ ಆಡಬಹುದೆಂದು ಇವರು ತಿಳಿದಿದ್ದಾರೆ.

ಕಿವಿ ತಿಂದದ್ದು ಪವರ್‌ಲೂಮ್. ಪ್ರಾಯದಿಂದ ಮುದಿತನದವರೆಗೆ ನಾನು ನಿಂತದ್ದು ಆ ಮಗ್ಗಗಳ ನಡುವೆ. ಲಾಳಿ ಆ ಕಡೆಯಿಂದ ಈ ಕಡೆ ಬಡಿಯುವ ಸದ್ದಿನಲ್ಲಿ ಮನುಷ್ಯನ ದನಿ ಎಂಬುದು ನಿಷ್ಪ್ರಯೋಜಕ ವಸ್ತು. ಆದ್ದರಿಂದ ಮಗ್ಗದ ಮನೆಯವರು ದನಿ ಇಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು. ನೂಲು ಹರಿದಿದೆ, ಊಟಕ್ಕೆ ನಡೆ, ಮಾಲಕ ಬಂದ, ಎಲ್ಲವೂ ತುಟಿಯಲ್ಲೇ. ನನ್ನ ಹೆಂಡತಿ ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮನೆಯಲ್ಲಿ ನನಗೆ 'ರೀ' ಎನ್ನುವ ಹೆಂಗಸು ಅಲ್ಲಿ ಸಲೀಸಾಗಿ 'ನೀ' ಎನ್ನುತ್ತಿದ್ದಳು, ಯಾಕೆಂದರೆ ಕೇಳಿಸಿಕೊಳ್ಳಲು ಅತ್ತೆಯೂ ಇರಲಿಲ್ಲ, ದನಿಯೂ ಇರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಸುಳ್ಳು. ಮಾತು ಬಲ್ಲ ನಾವಿಬ್ಬರೂ ಮಗ್ಗ ನಿಲ್ಲಿಸದೆ ದಿನವಿಡೀ ಜಗಳಾಡಿದ್ದೇವೆ.

ಮಗನನ್ನು ಆ ಧೂಳಿಗೆ ಬಿಡಲಿಲ್ಲ. ಓದಿಸಿದೆವು. ಈಗ ಅವನು ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ದಿನಾ ಮೋಟರ್‌ಸೈಕಲ್ ಮೇಲೆ ಹೋಗಿ ಬರುತ್ತಾನೆ. ತುಟಿಮಾತು ಅವನಿಗೆ ಬಾರದು. ಅಪ್ಪನಿಗೆ ಬರುತ್ತದೆ ಎಂಬುದೂ ಗೊತ್ತಿಲ್ಲ. ನಾನು ಹೇಳಿಲ್ಲ. ಹೇಳಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು.

ಹಾಗೆಂದು ನಾನು ಎಲ್ಲವನ್ನೂ ಓದುತ್ತೇನೆ ಎಂದಲ್ಲ. ಗುಟ್ಕಾ ಹಾಕಿಕೊಂಡವನ ಬಾಯಿ ನನಗೆ ಮುಚ್ಚಿದ ಬಾಗಿಲು. ಮೊಬೈಲಿಗೆ ತಲೆ ಬಗ್ಗಿಸಿದವನೂ ಅಷ್ಟೇ. ಕೂಗುವವರದು ಎಲ್ಲಕ್ಕಿಂತ ಕೆಟ್ಟದ್ದು, ಕೂಗಿದರೆ ತುಟಿಯ ಆಕಾರವೇ ಕೆಡುತ್ತದೆ. ಎದುರಿಗೆ ಕುಳಿತು ನಿಧಾನವಾಗಿ, ಮನುಷ್ಯರು ಮನುಷ್ಯರೊಡನೆ ಆಡುವ ಹಾಗೆ ಆಡಿದರೆ ಸಾಕು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಾರೆ. ಜಮಖಂಡಿಯಿಂದ ಕಿವಿಗೆ ಹಾಕುವ ಮಷಿನ್ ತಂದುಕೊಟ್ಟರು. ಅದರಲ್ಲಿ ಕುಕ್ಕರಿನ ಸೀಟಿ, ಕುರ್ಚಿ ಎಳೆದ ಸದ್ದು, ಪಾತ್ರೆ ಬಿದ್ದ ಸದ್ದು ಎಲ್ಲ ಬಂದವು, ಮಾತು ಮಾತ್ರ ಬರಲಿಲ್ಲ. ಬಿಸಾಕಿದೆ. "ಮುದುಕಗ ಹಟಾ ಭಾಳ" ಎಂದು ಸೊಸೆ ಒಲೆಯ ಮುಂದೆ ನಿಂತು ಮಗನಿಗೆ ಹೇಳಿದ್ದನ್ನು ನಾನು ಹೊಸ್ತಿಲಲ್ಲಿ ಕುಳಿತೇ ಓದಿದೆ.

ಇತ್ತೀಚೆಗೆ ಇನ್ನೊಂದು ಕಾಟ ಸೇರಿದೆ. ನಡು ಮಾತಿನಲ್ಲಿ ಒಂದು ಶಬ್ದ ಜಾರಿಬಿಡುತ್ತದೆ. ವಸ್ತು ಕಣ್ಣ ಮುಂದಿರುತ್ತದೆ, ಹೆಸರು ಬರುವುದಿಲ್ಲ. ಒಂದು ಗಳಿಗೆ ತಡೆದರೆ ತಾನೇ ಬರುತ್ತದೆ. ಆದರೆ ಆ ಗಳಿಗೆಯನ್ನು ನನಗೆ ಯಾರು ಬಿಡುತ್ತಾರೆ? ಕ್ಷೌರದ ಅಂಗಡಿಯಲ್ಲಿ ನಾನು "ಮೀಸಿ…" ಎಂದು ನಿಲ್ಲಿಸುವುದರೊಳಗೆ ಮಗ "ತಗದ ಬಿಡ್ರಿ" ಎಂದುಬಿಟ್ಟ. ನಾನು ಹೇಳಹೊರಟದ್ದು ಮೀಸೆ ಮುಟ್ಟಬೇಡ ಎಂದು. ಎರಡು ತಿಂಗಳು ಬೋಳು ಮೋರೆ ಹೊತ್ತು ತಿರುಗಿದೆ.

ಇಷ್ಟೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಹೆಂಡತಿಯ ವಿಷಯ.

ಹೋದ ವರ್ಷ ಅವಳಿಗೆ ಊಟ ಸೇರದಾಯಿತು. ಅರ್ಧ ರೊಟ್ಟಿಗೇ ಕೈ ತೊಳೆಯುವಳು. ಕೈಬಳೆ ಮೊಣಕೈವರೆಗೆ ಸರಿಯತೊಡಗಿದವು. ಮಗ ಒಮ್ಮೆ ಅವಳನ್ನು ಜಮಖಂಡಿಯ ದವಾಖಾನೆಗೆ ಕರೆದುಕೊಂಡು ಹೋಗಿ ಬಂದು "ಗ್ಯಾಸ್!" ಎಂದು ಕೂಗಿದ. ಎರಡನೆಯ ಸಲ ನಾನೂ ಹೊರಟೆ. ಬೇಡವೆಂದರೂ ಬಾಡಿಗೆ ಕಾರಿನಲ್ಲಿ ಮೊದಲೇ ಹೋಗಿ ಕುಳಿತುಬಿಟ್ಟೆ.

ಸ್ಕ್ಯಾನಿಂಗ್ ಮುಗಿದ ಮೇಲೆ ಹೆಂಡತಿಯನ್ನು ರಕ್ತ ಪರೀಕ್ಷೆಗೆ ಒಳಗೆ ಕರೆದೊಯ್ದರು. ಡಾಕ್ಟರ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಮಗ ಅವರ ಎದುರಿಗೆ ಕುಳಿತ. ಅವನ ಬೆನ್ನು ನನ್ನ ಕಡೆಗೆ, ಡಾಕ್ಟರ ಮೋರೆ ನನ್ನ ಕಡೆಗೆ. ಒಳ್ಳೆಯ ಬೆಳಕಿತ್ತು.

"ಅಜ್ಜಾರಿಗೆ ಕೇಳಸ್ತದೇನು?" ಎಂದರು ಡಾಕ್ಟರು. ಮಗನ ತಲೆ ಅಡ್ಡಡ್ಡ ಆಡಿತು.

ಆಮೇಲೆ ಅವರು ಹೇಳಿದ್ದೆಲ್ಲವನ್ನೂ ನಾನು ಓದಿದೆ. ಹೊಟ್ಟೆಯಲ್ಲಿ ಗಡ್ಡೆ ಇದೆ. ಅದು ಲಿವರಿಗೂ ಹರಡಿದೆ. "ಆಪರೇಷನ್ ಮಾಡಬಹುದು, ಆದ್ರ ಈ ವಯಸ್ಸಿನಾಗ ಭರೋಸಾ ಕೊಡಾಕ ಆಗೂದಿಲ್ಲ. ಮನ್ಯಾಗ ಎಲ್ಲಾರೂ ಕೂಡಿ ವಿಚಾರ ಮಾಡ್ರಿ." ಆ ಮನೆಗೆ ಹಿರಿಯನಾದ ನಾನು ಮೂಲೆಯಲ್ಲಿ ಕುಳಿತಿದ್ದೆ.

ಹೊರಗೆ ಬಂದ ಮೇಲೆ ಮಗ ನನ್ನ ಕಿವಿಗೆ ಬಾಯಿ ಹಚ್ಚಿದ. ಏನೆಂದನೋ ತಿಳಿಯಲಿಲ್ಲ, ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವನೇ ಮತ್ತೆ ಎದುರಿಗೆ ಬಂದು ಹೊಟ್ಟೆ ಸವರಿ ತೋರಿಸಿ ಅಂದ: "ಗ್ಯಾಸ್! ಏನೂ ಇಲ್ಲ! ಗುಳಗಿ ಕೊಟ್ಟಾರ!"

ಅಲ್ಲೇ ಕಪಾಳಕ್ಕೆ ಬಾರಿಸಬೇಕೆನಿಸಿತು. ಸತ್ಯವಾಗಿ ಹೇಳುತ್ತೇನೆ, ಹೆತ್ತ ಮಗನ ಮೇಲೆ ಅಂಥ ದ್ವೇಷ ಹುಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಸಾಯುತ್ತಿದ್ದಾಳೆ. ಆ ಸುದ್ದಿ ಡಾಕ್ಟರಿಗೆ ಗೊತ್ತು, ಮಗನಿಗೆ ಗೊತ್ತು, ಸಂಜೆಯೊಳಗೆ ಸೊಸೆಗೆ ಗೊತ್ತಾಗುತ್ತದೆ. ಅವಳ ಕೈ ಹಿಡಿದವನಿಗೆ ಮಾತ್ರ ಗ್ಯಾಸ್. ದಾರಿಯುದ್ದಕ್ಕೂ ಕಬ್ಬಿನ ಹೊಲ ನೋಡುತ್ತ ಹಲ್ಲು ಕಚ್ಚಿ ಕುಳಿತೆ. ಪಕ್ಕದಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು.

ಪಾಪ, ಅವಳಿಗೂ ಗೊತ್ತಿಲ್ಲ ಎಂದುಕೊಂಡೆ. ನಾನೂ ಬಾಯಿ ಮುಚ್ಚಿಕೊಂಡರೆ ನಾನೂ ಇವರೊಳಗೊಬ್ಬನಾಗುತ್ತೇನೆ. ಹೇಳಲೇಬೇಕು. ಆದರೆ ಹೇಗೆ? ಬಾಯಿಬಿಟ್ಟು ಹೇಳುವಂತಿಲ್ಲ, ನನ್ನ ದನಿ ಎಷ್ಟು ಏರುತ್ತದೆಂದು ನನಗೇ ಅಂದಾಜಿಲ್ಲ, ಪಿಸುಗುಟ್ಟಿದೆ ಎಂದುಕೊಂಡದ್ದು ಓಣಿಯ ತುದಿಗೆ ಕೇಳಿಸಿರುತ್ತದೆ. ತುಟಿಮಾತೋ, ನಮ್ಮಿಬ್ಬರ ನಡುವೆ ಅದು ನಿಂತು ವರ್ಷಗಳಾಗಿದ್ದವು. ಜಗಳವಾಗಿ ನಿಂತದ್ದಲ್ಲ. ಅವಳ ಹಲ್ಲು ಹೋದವು, ತುಟಿ ಒಳಗೆ ಕುಸಿದವು, ಕುಸಿದ ತುಟಿಯನ್ನು ಓದಲು ನನ್ನಿಂದಾಗಲಿಲ್ಲ. ಅವಳ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆದರೂ ದೂರದ್ದು ಮಸುಕು, ನನ್ನ ತುಟಿ ಅವಳಿಗೆ ಕಾಣದಾಯಿತು. ಹಲ್ಲಿನ ಸೆಟ್ಟು ಮಾಡಿಸಿದ್ದೆವು. ಚುಚ್ಚುತ್ತದೆಂದು ಅದನ್ನು ಮದುವೆ ಮುಂಜಿಗೆ ಮಾತ್ರ ಹಾಕುವಳು, ಉಳಿದಂತೆ ಅದು ಸ್ಟೀಲಿನ ಬಟ್ಟಲಲ್ಲಿ ನೀರು ಕುಡಿಯುತ್ತ ಬಿದ್ದಿರುತ್ತಿತ್ತು.

ಒಂದು ರವಿವಾರ ಮಧ್ಯಾಹ್ನ ಚಿಮ್ಮಡದಿಂದ ಅವಳ ತಂಗಿ ನೋಡಲು ಬಂದಳು. ಮಗ, ಸೊಸೆ ಎಲ್ಲರೂ ಅದೇ ಕೋಣೆಯಲ್ಲಿದ್ದರು. ಸೊಸೆ "ಬರೇ ಗ್ಯಾಸ್ ಐತ್ರಿ ಚಿಗವ್ವಾ" ಎಂದಳು. ನನಗೆ ಅಷ್ಟೇ ಸಾಕಾಯಿತು. ಕುರ್ಚಿ ಎಳೆದುಕೊಂಡು ಹೋಗಿ ಹೆಂಡತಿಯ ಮಂಚಕ್ಕೆ ಒತ್ತಿ ಹಾಕಿದೆ. ಅವಳ ಮೋರೆಯ ಎದುರಿಗೆ ನನ್ನ ಮೋರೆ ತಂದು ದನಿ ಇಲ್ಲದೆ ಆಡಿದೆ: "ನಿನಗೊಂದು ಮಾತ ಹೇಳಬೇಕು."

ಅವಳು ದಿಟ್ಟಿಸಿದಳು. ಕೈ ಎತ್ತಿ ತಡೆ ಎಂದಳು. ಬಟ್ಟಲಿಗೆ ಕೈಹಾಕಿ ಹಲ್ಲಿನ ಸೆಟ್ಟು ತೆಗೆದು ಒರೆಸಿ ಹಾಕಿಕೊಂಡಳು. ಕೆನ್ನೆ ತುಂಬಿತು, ತುಟಿ ಎದ್ದು ನಿಂತವು. ಮಗ್ಗದ ಮನೆಯ ಹೆಂಗಸು ಎದುರಿಗೆ ಕುಳಿತಿದ್ದಳು.

"ಹೇಳು."

"ಗ್ಯಾಸ್ ಅಲ್ಲ. ಹೊಟ್ಟ್ಯಾಗ ಗಡ್ಡಿ ಐತಿ."

"ಗೊತ್ತೈತಿ."

"ಯಾರು ಹೇಳಿದ್ರು?"

"ಡಾಕ್ಟರು. ಮೊದಲನೇ ಸಲಾನಽ ಹೇಳಿದ್ರು. ನಿನಗ ಹೇಳಬ್ಯಾಡ ಅಂತ ಮಗಗ ಆಣಿ ಹಾಕಿಸೀನಿ."

ನನ್ನ ಮೈ ಉರಿದು ಹೋಯಿತು. ಇಷ್ಟು ದಿನ ಮಗನ ಮೇಲೆ ಕಾರಿದ ವಿಷವೆಲ್ಲ ದಾರಿ ತಪ್ಪಿತ್ತು. "ಯಾಕ ಹಂಗ ಮಾಡಿದಿ? ನಾ ಏನ್ ಸತ್ತೀನೇನು?" ಎಂದೆ.

"ನಿನ್ನ ಕೂಡ ಮಾತಾಡಾಕ ನನ್ನ ಬಿಟ್ರ ಯಾರದಾರ? ನಾ ಹೊಕ್ಕೀನಿ ಅಂತ ನಿನಗ ಯಾವ ಬಾಯಿಲೆ ಹೇಳ್ಲಿ?"

"ಇದಽ ಬಾಯಿಲೆ ಹೇಳಬೇಕಿತ್ತು! ಹಲ್ಲು ಬಟ್ಟಲದಾಗ ಇಟ್ಟು ಮಲಗಿದಿ!"

"ಚುಚ್ಚತಾವ ಅಂತ ಎಷ್ಟ ಸಲ ಹೇಳೇನಿ!"

ಹೀಗೆ ಸುತ್ತಲೂ ಜನ ಕುಳಿತಿರಲು ಒಂದು ಸೊಲ್ಲೂ ಇಲ್ಲದೆ ಜಗಳಾಡಿದೆವು. ಅವಳ ತಂಗಿ ನಮ್ಮಿಬ್ಬರಿಗೂ ಗಾಳಿ ಬಡಿಯಿತೆಂದು ತಿಳಿದಿರಬೇಕು, ಎದ್ದು ನಿಂತಿದ್ದಳು. ಕೊನೆಗೆ ಹೆಂಡತಿ ದಣಿದಳು. ನನ್ನ ಮಣಿಕಟ್ಟು ಹಿಡಿದು ನಿಧಾನವಾಗಿ ಆಡಿದಳು: "ನನ್ನ ಕೊಯ್ಯಾಕ ಕೊಡಬ್ಯಾಡ. ಮಗ ನನ್ನ ಮಾತು ಕೇಳವಲ್ಲ, ಆಪರೇಷನ್ ಮಾಡ್ಸೂಣು ಅಂತಾನ. ನೀ ಹೇಳು."

ನಾನು ತಿರುಗಿ ಮಗನಿಗೆ ಹೇಳಿದೆ. ಎಷ್ಟು ಜೋರಾಗಿ ಎಂದು ನನಗೆ ಗೊತ್ತಿಲ್ಲ. ಸೊಸೆಯ ಕೈಯ ತಟ್ಟೆ ಬಿತ್ತು. "ಆಕೀನ ಕೊಯ್ಯಾಕ ಕೊಡಂಗಿಲ್ಲ! ಡಾಕ್ಟರು ಏನೇನಂದ್ರು ಎಲ್ಲಾ ನಾ ಕಂಡೀನಿ. ಇನ್ನ ಮ್ಯಾಲ ನನ್ನ ಮುಂದ ಗ್ಯಾಸ್ ಅಂದ್ರ ನೋಡು!"

ಮಗ ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಬಾಯಿ ಅಗಲ ತೆರೆದ. "ಕೂಗಬ್ಯಾಡ. ಇಲ್ಲಿ ಎದುರಿಗೆ ಕುಂದರು. ಸಾವಕಾಶ ಹೇಳು" ಎಂದೆ.

ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತ. ಚಿಕ್ಕವನಿದ್ದಾಗಿನಿಂದ ಅಷ್ಟು ಹತ್ತಿರ ಅವನ ಮುಖವನ್ನು ನಾನು ನೋಡಿರಲಿಲ್ಲ. ಹೇಳತೊಡಗಿದ. ಗದ್ದ ನಡುಗಿತು, ತುಟಿ ಸೊಟ್ಟಗಾದವು, ಕಣ್ಣೀರು ಬಾಯೊಳಗೆ ಇಳಿಯಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ.

"ಮೊದಲ ಅತ್ತು ಮುಗಸು" ಎಂದೆ. "ಆಮ್ಯಾಲ ಹೇಳು. ನಾ ಇಲ್ಲೇ ಕುಂತಿರ್ತೀನಿ."